ಕಂಪ್ರೆಸರ್ ಟ್ಯಾಂಕ್ ತುಂಬಲು ತಡವಾಗುತ್ತಿದೆಯಾ? ಹೆಡ್ ಬಿಚ್ಚುವ ಮುಂಚೆ ಗಡಿಯಾರ ನೋಡಿ

ಪಂಕ್ಚರ್ ಅಂಗಡಿ ಇರಲಿ, ಗ್ಯಾರೇಜ್ ಇರಲಿ, ಪೇಂಟಿಂಗ್ ಶೆಡ್ ಇರಲಿ, ಗಾಳಿ ಇಲ್ಲದಿದ್ದರೆ ಕೆಲಸ ನಿಂತಂತೆಯೇ. ಮೊದಲೆಲ್ಲ ಹತ್ತು ನಿಮಿಷದೊಳಗೆ ಟ್ಯಾಂಕ್ ತುಂಬಿ ಕಟಾಫ್ ಆಗುತ್ತಿದ್ದ (ತಾನೇ ನಿಲ್ಲುತ್ತಿದ್ದ) ಮಷಿನ್ ಈಗ ಅರ್ಧ ಗಂಟೆ ಓಡಿದರೂ ಗೇಜ್ ಮುಳ್ಳು 6 ಕೆಜಿ (ಚದರ ಸೆಂಟಿಮೀಟರಿಗೆ ಇಷ್ಟು ಕೆಜಿ ಒತ್ತಡ ಅನ್ನುವ ಲೆಕ್ಕ) ದಾಟುತ್ತಿಲ್ಲ ಅಂದರೆ ಅಂಗಡಿಯವರಿಗೆ ಚಿಂತೆ ಆಗುವುದು ಸಹಜ. ಆಗ ಯಾರನ್ನು ಕೇಳಿದರೂ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: 'ರಿಂಗ್ ಹೋಗಿದೆ, ಇಳಿಸಿ ನೋಡಬೇಕು.'

ರಿಂಗ್, ಅಂದರೆ ಪಿಸ್ಟನ್ ಸುತ್ತ ಗಾಳಿ ಸೋರದಂತೆ ತಡೆಯುವ ಬಳೆ, ಹೋಗಿರಬಹುದು. ಆದರೆ ಅದು ಕೊನೆಗೆ ಅನುಮಾನ ಪಡಬೇಕಾದ ಭಾಗ. ಅದಕ್ಕಿಂತ ಮುಂಚೆ ನೋಡಬೇಕಾದದ್ದು ಬಹಳ ಇದೆ: ಫಿಲ್ಟರ್, ಲೀಕ್, ಬೆಲ್ಟ್, ಕರೆಂಟ್, ಎನ್‌ಆರ್‌ವಿ (ಟ್ಯಾಂಕಿನ ಗಾಳಿ ಪಂಪಿಗೆ ವಾಪಸ್ ಬರದಂತೆ ತಡೆಯುವ ವಾಲ್ವ್), ವಾಲ್ವ್ ಪ್ಲೇಟ್. ಇವುಗಳಲ್ಲಿ ಅರ್ಧಕ್ಕರ್ಧ ದುಡ್ಡೇ ಖರ್ಚಾಗದೆ ಸರಿಹೋಗುತ್ತವೆ. ಹಾಗಾಗಿ ಹೊರಗಿಂದ ಒಳಗೆ, ಅಗ್ಗದ್ದರಿಂದ ದುಬಾರಿಯದ್ದಕ್ಕೆ ಹೋಗೋಣ. ಮೊದಲ ಹಂತಕ್ಕೆ ಸ್ಪ್ಯಾನರ್ ಬೇಡ. ಮೊಬೈಲ್‌ನ ಸ್ಟಾಪ್‌ವಾಚ್, ಒಂದು ಕಾಗದ, ಒಂದು ಪೆನ್ ಸಾಕು.

ಇಲ್ಲಿ ಹೇಳುತ್ತಿರುವುದು ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಕಾಣುವ, ಬೆಲ್ಟ್ ಮೇಲೆ ಓಡುವ ಪಿಸ್ಟನ್ ಕಂಪ್ರೆಸರ್ ಬಗ್ಗೆ. 1 ಎಚ್‌ಪಿಯಿಂದ 5 ಎಚ್‌ಪಿವರೆಗಿನ ಮಷಿನ್‌ಗಳಿಗೆಲ್ಲ ಇದು ಹೊಂದುತ್ತದೆ. ಸ್ಕ್ರೂ ಕಂಪ್ರೆಸರ್ ವಿಷಯ ಬೇರೆಯೇ.

ಕೈ ಹಾಕುವ ಮುಂಚೆ

ಪ್ರೆಶರ್ ಸ್ವಿಚ್ ಇರುವ ಮಷಿನ್ ತನ್ನಷ್ಟಕ್ಕೆ ತಾನೇ ಸ್ಟಾರ್ಟ್ ಆಗುತ್ತದೆ. ನೀವು ಟ್ಯಾಂಕಿನ ಗಾಳಿ ಬಿಡುತ್ತಾ ಹೋದಂತೆ ಒತ್ತಡ ಇಳಿದು, ಕೈ ಬೆಲ್ಟ್ ಮೇಲಿರುವಾಗಲೇ ಮೋಟಾರ್ ತಿರುಗಿಬಿಡಬಹುದು. ಆದ್ದರಿಂದ ಸ್ವಿಚ್ ಆಫ್ ಮಾಡಿದರೆ ಸಾಲದು. ಪ್ಲಗ್ ಕಿತ್ತಿಡಿ, ಇಲ್ಲವೇ ಮೇನ್ ಇಳಿಸಿ ಫ್ಯೂಸ್ ತೆಗೆದು ಜೇಬಿಗೆ ಹಾಕಿಕೊಳ್ಳಿ.

ಗಾಳಿ ತುಂಬಿದ ಟ್ಯಾಂಕಿನ ಯಾವ ನಟ್ಟನ್ನೂ ಸಡಿಲಿಸಬೇಡಿ. ಗೇಜ್ ಸೊನ್ನೆ ತೋರಿಸಿದರೂ ನಂಬಬೇಡಿ, ಏಕೆಂದರೆ ಗೇಜೇ ಕೆಟ್ಟಿರಬಹುದು. ಕೆಳಗಿನ ಡ್ರೈನ್ ಕಾಕ್ ತೆರೆದು, ಗಾಳಿ ಬರುವುದು ಪೂರ್ತಿ ನಿಂತ ಮೇಲೆಯೇ ಕೆಲಸ ಶುರು ಮಾಡಿ. ಓಡಿ ನಿಂತ ಮಷಿನ್‌ನ ಹೆಡ್ (ಸಿಲಿಂಡರಿನ ಮೇಲಿನ ಮುಚ್ಚಳ) ಮತ್ತು ಅದರಿಂದ ಟ್ಯಾಂಕಿಗೆ ಹೋಗುವ ಪೈಪ್ 150 ಡಿಗ್ರಿ ಸೆಲ್ಸಿಯಸ್ ದಾಟಿ ಬಿಸಿಯಾಗಿರಬಹುದು. ಅದು ತಣ್ಣಗಾಗುವವರೆಗೆ ಕಾಯಿರಿ.

ನಿಜವಾಗಿಯೂ ತಡವಾಗುತ್ತಿದೆಯಾ?

ಕೇಳಲು ವಿಚಿತ್ರ ಅನ್ನಿಸಬಹುದು, ಆದರೆ ಕೇಳಲೇಬೇಕಾದ ಪ್ರಶ್ನೆ. 'ಮೋಟಾರ್ ಯಾವಾಗಲೂ ಓಡುತ್ತಲೇ ಇರುತ್ತೆ' ಅನ್ನುವ ದೂರಿಗೆ ಮೂರು ಅರ್ಥ ಇರಬಹುದು. ಟ್ಯಾಂಕ್ ತುಂಬಲು ತಡವಾಗುತ್ತಿರಬಹುದು. ತುಂಬಿದ್ದು ಬೇಗ ಖಾಲಿಯಾಗುತ್ತಿರಬಹುದು. ಅಥವಾ ಹೊಸ ಇಂಪ್ಯಾಕ್ಟ್ ಗನ್, ಸ್ಪ್ರೇ ಗನ್ ಬಂದು ಗಾಳಿಯ ಖರ್ಚೇ ಜಾಸ್ತಿಯಾಗಿರಬಹುದು. ಮೂರನೆಯದಾದರೆ ಮಷಿನ್‌ದು ತಪ್ಪಿಲ್ಲ.

ಎರಡನೆಯದರ ಒಂದು ಕಾರಣ ಟ್ಯಾಂಕಿನ ತಳದ ನೀರು. 160 ಲೀಟರ್ ಟ್ಯಾಂಕಿನಲ್ಲಿ 40 ಲೀಟರ್ ನೀರು ನಿಂತಿದ್ದರೆ ಗಾಳಿಗೆ ಉಳಿಯುವ ಜಾಗ 120 ಲೀಟರ್ ಮಾತ್ರ. ಅಂಥ ಟ್ಯಾಂಕ್ ತುಂಬುವುದೂ ಬೇಗ, ಖಾಲಿಯಾಗುವುದೂ ಬೇಗ. ನೀರಿನಿಂದ ತುಂಬುವುದು ತಡವಾಗುವುದಿಲ್ಲ. ಆದರೂ ಪರೀಕ್ಷೆಗೆ ಮುಂಚೆ ನೀರು ಪೂರ್ತಿ ಬಿಡಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಮಲೆನಾಡು, ಕರಾವಳಿ ಕಡೆ ಮಳೆಗಾಲದಲ್ಲಿ ಎಷ್ಟು ನೀರು ಬರುತ್ತದೆ ಅಂತ ಅಲ್ಲಿಯವರಿಗೆ ಹೇಳಬೇಕಾಗಿಲ್ಲ.

ಈಗ ಲೆಕ್ಕ. ಇದು ತುಂಬಾ ಸುಲಭ. ಗೇಜ್‌ನಲ್ಲಿ 1 ಕೆಜಿ ಏರಬೇಕಾದರೆ, ಟ್ಯಾಂಕ್ ಎಷ್ಟು ಲೀಟರ್‌ದೋ ಹೆಚ್ಚುಕಡಿಮೆ ಅಷ್ಟೇ ಲೀಟರ್ ಹೊರಗಿನ ಗಾಳಿ ಒಳಗೆ ಹೋಗಬೇಕು. ಗೇಜ್‌ನಲ್ಲಿ ಪಿಎಸ್‌ಐ ಮಾತ್ರ ಇದ್ದರೆ 14 ಪಿಎಸ್‌ಐಯನ್ನು 1 ಕೆಜಿ ಅಂತ ಹಿಡಿಯಿರಿ.

ಪಂಪ್ ನಿಮಿಷಕ್ಕೆ ಎಷ್ಟು ಗಾಳಿ ಕೊಡುತ್ತದೆ ಅನ್ನುವುದು ನೇಮ್ ಪ್ಲೇಟ್ ಮೇಲಿರುತ್ತದೆ, ಸಾಮಾನ್ಯವಾಗಿ ಸಿಎಫ್‌ಎಂನಲ್ಲಿ. 1 ಸಿಎಫ್‌ಎಂ ಅಂದರೆ ನಿಮಿಷಕ್ಕೆ 28.3 ಲೀಟರ್. ಆದರೆ ಅಲ್ಲಿ ಬರೆದಿರುವುದು ಪಿಸ್ಟನ್ ಡಿಸ್‌ಪ್ಲೇಸ್‌ಮೆಂಟಾ ಅಥವಾ ಫ್ರೀ ಏರ್ ಡೆಲಿವರಿಯಾ ಅಂತ ನೋಡಿಕೊಳ್ಳಿ. ಮೊದಲನೆಯದು ಪಿಸ್ಟನ್ ಎಳೆಯುವ ಲೆಕ್ಕದ ಗಾಳಿ. ಎರಡನೆಯದು ನಿಜವಾಗಿ ಟ್ಯಾಂಕಿಗೆ ಸೇರುವ ಗಾಳಿ. ಸಿಂಗಲ್ ಸ್ಟೇಜ್ (ಗಾಳಿಯನ್ನು ಒಂದೇ ಹಂತದಲ್ಲಿ ಒತ್ತುವ) ಪಂಪಿನಲ್ಲಿ ಎರಡನೆಯದು ಮೊದಲನೆಯದರ ಶೇ. 65ರಿಂದ 75ರಷ್ಟು ಇದ್ದರೆ ಮಷಿನ್ ಚೆನ್ನಾಗಿದೆ ಅಂತಲೇ ಅರ್ಥ.

ಉದಾಹರಣೆಗೆ 2 ಎಚ್‌ಪಿ ಮಷಿನ್, ಡಿಸ್‌ಪ್ಲೇಸ್‌ಮೆಂಟ್ 8 ಸಿಎಫ್‌ಎಂ, ಟ್ಯಾಂಕ್ 160 ಲೀಟರ್ ಅಂದುಕೊಳ್ಳಿ. 8 ಸಿಎಫ್‌ಎಂ ಅಂದರೆ 226 ಲೀಟರ್. ಅದರ ಶೇ. 70 ಸುಮಾರು 160 ಲೀಟರ್. ಅಂದರೆ 1 ಕೆಜಿಗೆ ಒಂದು ನಿಮಿಷ. ಸೊನ್ನೆಯಿಂದ 8 ಕೆಜಿಗೆ ಎಂಟು ನಿಮಿಷ, ಹತ್ತಾದರೂ ಚಿಂತೆಯಿಲ್ಲ. ಹದಿನೈದು ದಾಟಿದರೆ ಏನೋ ತೊಂದರೆ ಇದೆ.

ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಅಲ್ಲಿನ ಗಾಳಿ ಮಂಗಳೂರಿನದ್ದಕ್ಕಿಂತ ಶೇ. 10ರಷ್ಟು ತೆಳು. ಅದೇ ಮಷಿನ್ ಮಂಗಳೂರಿನಲ್ಲಿ ಒಂಬತ್ತು ನಿಮಿಷದಲ್ಲಿ ತುಂಬಿಸುವುದನ್ನು ಬೆಂಗಳೂರಿನಲ್ಲಿ ಹತ್ತು ನಿಮಿಷಕ್ಕೆ ತುಂಬಿಸುತ್ತದೆ. ಮಡಿಕೇರಿಯಲ್ಲಿ ಇನ್ನೂ ಸ್ವಲ್ಪ ಜಾಸ್ತಿ.

ಒಂದೊಂದು ಕೆಜಿಗೂ ಸಮಯ ಬರೆಯಿರಿ

ಈ ಇಡೀ ಕೆಲಸದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ಹಂತ ಇದು. ಯಾರೂ ಮಾಡದೆ ಬಿಡುವ ಹಂತವೂ ಇದೇ.

ಟ್ಯಾಂಕ್ ಖಾಲಿ ಮಾಡಿ, ಡ್ರೈನ್ ಮುಚ್ಚಿ. ಟ್ಯಾಂಕಿನಿಂದ ಪೈಪ್‌ಲೈನಿಗೆ ಹೋಗುವ ಔಟ್‌ಲೆಟ್ ವಾಲ್ವನ್ನೂ ಮುಚ್ಚಿ. ಗೇಜ್ ಸರಿಯಿದೆಯಾ ಅಂತ ಬೇರೊಂದು ಗೇಜ್ ಹಚ್ಚಿ ಖಚಿತ ಮಾಡಿಕೊಳ್ಳಿ. ಸ್ಟಾರ್ಟ್ ಮಾಡಿ, ಮುಳ್ಳು 1, 2, 3 ಹೀಗೆ ಪ್ರತಿ ಕೆಜಿ ದಾಟಿದಾಗಲೂ ಸಮಯ ಬರೆದುಕೊಳ್ಳಿ. ಕಟಾಫ್ ಆಗುವವರೆಗೆ ಅಲ್ಲೇ ನಿಲ್ಲಿ.

ಆರೋಗ್ಯವಾಗಿರುವ ಮಷಿನ್‌ನಲ್ಲಿ ಪ್ರತಿ ಕೆಜಿಗೆ ಹಿಡಿಯುವ ಸಮಯ ಹೆಚ್ಚುಕಡಿಮೆ ಒಂದೇ ಇರುತ್ತದೆ, ಕೊನೆಕೊನೆಗೆ ಸ್ವಲ್ಪ ಏರುತ್ತದೆ ಅಷ್ಟೆ. ಕಾಯಿಲೆ ಬಿದ್ದ ಮಷಿನ್‌ನ ಪಟ್ಟಿ ಮೂರರಲ್ಲಿ ಒಂದು ರೀತಿ ಇರುತ್ತದೆ.

ಮೊದಲ ಕೆಜಿಯಿಂದಲೇ ಎಲ್ಲಕ್ಕೂ ಒಂದೇ ಸಮನೆ ಜಾಸ್ತಿ ಸಮಯ ಹಿಡಿಯುತ್ತಿದ್ದರೆ, ಪಂಪಿಗೆ ಗಾಳಿ ಸಾಲುತ್ತಿಲ್ಲ ಅಥವಾ ಪಂಪ್ ನಿಧಾನ ತಿರುಗುತ್ತಿದೆ. ಫಿಲ್ಟರ್, ಪುಲ್ಲಿ, ಮೋಟಾರ್ ಕಡೆ ನೋಡಿ. ಎರಡು ಸಿಲಿಂಡರ್‌ನ ಸಿಂಗಲ್ ಸ್ಟೇಜ್ ಮಷಿನ್‌ನಲ್ಲಿ ಸಮಯ ಸರಿಯಾಗಿ ಎರಡರಷ್ಟಾಗಿದ್ದರೆ ಒಂದು ಸಿಲಿಂಡರ್ ಕೆಲಸವನ್ನೇ ಮಾಡುತ್ತಿಲ್ಲ ಅಂತ ಅನುಮಾನಿಸಿ.

ಶುರುವಿನಲ್ಲಿ ಚೆನ್ನಾಗಿ ಏರಿ, 4 ಕೆಜಿ ಆದಮೇಲೆ ಒಂದಕ್ಕಿಂತ ಒಂದಕ್ಕೆ ಜಾಸ್ತಿ ಸಮಯ ಬೇಕಾದರೆ, ಒತ್ತಡ ಹೆಚ್ಚಿದಂತೆ ಗಾಳಿ ಎಲ್ಲೋ ಹಿಂದಕ್ಕೆ ಹೋಗುತ್ತಿದೆ. ವಾಲ್ವ್, ಗ್ಯಾಸ್ಕೆಟ್, ರಿಂಗ್, ಲೀಕ್ ಇದಕ್ಕೆ ಕಾರಣ. ಲೋಡ್ ಬಿದ್ದಾಗ ಬೆಲ್ಟ್ ಜಾರಿದರೂ ಹೀಗೆಯೇ ಆಗುತ್ತದೆ.

ಯಾವುದೋ ಒಂದು ಮಟ್ಟಕ್ಕೆ ಬಂದು ಮುಳ್ಳು ನಿಂತೇಬಿಟ್ಟರೆ, ಆ ಒತ್ತಡದಲ್ಲಿ ಪಂಪ್ ಕೊಡುವಷ್ಟೇ ಗಾಳಿ ಸೋರಿಹೋಗುತ್ತಿದೆ ಅಂತ ಅರ್ಥ.

ಈ ಕಾಗದವನ್ನು ಎಸೆಯಬೇಡಿ. ಮುಂದೆ ಒಂದೊಂದು ರಿಪೇರಿ ಮಾಡಿದ ಮೇಲೂ ಮತ್ತೆ ಸಮಯ ನೋಡಿ ಇದರ ಪಕ್ಕದಲ್ಲೇ ಬರೆಯಬೇಕು.

ಲೀಕ್ ಹುಡುಕುವುದು

ಔಟ್‌ಲೆಟ್ ವಾಲ್ವ್ ಮುಚ್ಚಿದಾಗ ಮಷಿನ್ ಸರಿಯಾದ ಸಮಯಕ್ಕೆ ತುಂಬಿತಾ? ಹಾಗಾದರೆ ಕಂಪ್ರೆಸರ್ ಮುಟ್ಟಲೇಬೇಡಿ, ತೊಂದರೆ ಇರುವುದು ಪೈಪ್‌ಲೈನ್, ಹೋಸ್, ಕಪ್ಲರ್‌ಗಳಲ್ಲಿ. ಒಂದು ವಾಲ್ವ್ ತಿರುಗಿಸಿದ್ದಕ್ಕೆ ಅರ್ಧ ಸಮಸ್ಯೆ ಬೇರೆಯಾಯಿತು.

ಮುಚ್ಚಿದಾಗಲೂ ತಡವಾದರೆ, ಆದಷ್ಟು ತುಂಬಿಸಿ ಆಫ್ ಮಾಡಿ. 8 ಕೆಜಿಯಿಂದ 7 ಕೆಜಿಗೆ ಇಳಿಯಲು ಎಷ್ಟು ಹೊತ್ತಾಗುತ್ತದೆ ನೋಡಿ. 160 ಲೀಟರ್ ಟ್ಯಾಂಕ್ ಐದು ನಿಮಿಷದಲ್ಲಿ 1 ಕೆಜಿ ಕಳೆದುಕೊಂಡರೆ ನಿಮಿಷಕ್ಕೆ 32 ಲೀಟರ್ ಸೋರಿದೆ. ನಮ್ಮ ಉದಾಹರಣೆಯ ಮಷಿನ್ ಕೊಡುವ ಗಾಳಿಯಲ್ಲಿ ಐದನೇ ಒಂದು ಭಾಗ ಸುಮ್ನೆ ಹೋಯಿತು. 7 ಕೆಜಿ ಒತ್ತಡದಲ್ಲಿ ಬರೀ 1 ಮಿಲಿಮೀಟರ್ ತೂತಿನಿಂದ ನಿಮಿಷಕ್ಕೆ 60ರಿಂದ 70 ಲೀಟರ್ ಹೋಗುತ್ತದೆ. ಕಿವಿಗೆ ಕೇಳುವ 'ಸುಯ್' ಅನ್ನುವ ಶಬ್ದವನ್ನು ಎಷ್ಟೋ ಅಂಗಡಿಗಳಲ್ಲಿ ದಿನವಿಡೀ ಹಾಗೇ ಬಿಟ್ಟಿರುತ್ತಾರೆ. ಆ ಶಬ್ದಕ್ಕೆ ಕರೆಂಟ್ ಬಿಲ್ ಕಟ್ಟುತ್ತಿರುವವರು ನೀವೇ.

ಪಾತ್ರೆ ತೊಳೆಯುವ ಸೋಪನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಬ್ರಷ್‌ನಿಂದ ಹಚ್ಚಿ. ಡ್ರೈನ್ ಕಾಕ್, ಸೇಫ್ಟಿ ವಾಲ್ವ್, ಗೇಜ್ ಬುಡ, ಪ್ರೆಶರ್ ಸ್ವಿಚ್ ಕೆಳಭಾಗ, ಹೋಸ್ ಕ್ಲಿಪ್, ಕ್ವಿಕ್ ಕಪ್ಲರ್, ಒಂದನ್ನೂ ಬಿಡಬೇಡಿ. ದೊಡ್ಡ ಲೀಕ್‌ನಲ್ಲಿ ನೊರೆ ಹಾರಿಹೋಗುತ್ತದೆ, ಗುಳ್ಳೆ ನಿಲ್ಲುವುದಿಲ್ಲ. ಸಣ್ಣ ಲೀಕ್‌ನಲ್ಲಿ ಬಿಳಿ ನೊರೆ ನಿಧಾನಕ್ಕೆ ಹೂಕೋಸಿನ ಹಾಗೆ ಬೆಳೆಯುತ್ತದೆ. ಅರ್ಧ ನಿಮಿಷ ಕಾದರೆ ಮಾತ್ರ ಕಾಣುವುದು, ಅವಸರ ಬೇಡ. ಸ್ವಿಚ್ ಬಾಕ್ಸ್ ಒಳಗೆ ಸೋಪು ನೀರು ಹೋಗದಂತೆ ನೋಡಿಕೊಳ್ಳಿ.

ಥ್ರೆಡ್ ಲೀಕ್ ಇದ್ದರೆ ಗಾಳಿ ಖಾಲಿ ಮಾಡಿ, ಬಿಚ್ಚಿ, ಹಳೆಯ ಟೇಪ್ ಕೆರೆದು, ಹೊಸ ಟೆಫ್ಲಾನ್ ಟೇಪನ್ನು ಥ್ರೆಡ್ ತಿರುಗುವ ದಿಕ್ಕಿನಲ್ಲೇ ಸುತ್ತಿ. ಸೇಫ್ಟಿ ವಾಲ್ವ್ ಸೋರುತ್ತಿದ್ದರೆ ಹೊಸದು ಹಾಕಿ. ಅದಕ್ಕೆ ಪ್ಲಗ್ ಹೊಡೆದು ಮುಚ್ಚುವ ಕೆಲಸ ಯಾವತ್ತೂ ಮಾಡಬೇಡಿ. ಗುಳ್ಳೆ ಬಂದದ್ದು ಟ್ಯಾಂಕಿನ ಮೈಯಿಂದಲೋ ವೆಲ್ಡಿಂಗ್ ಗೆರೆಯಿಂದಲೋ ಆದರೆ ಅಲ್ಲಿಗೇ ನಿಲ್ಲಿಸಿ. ಒಳಗಿಂದ ತುಕ್ಕು ತಿಂದು ತಗಡು ತೆಳುವಾಗಿದೆ ಅಂತ ಅರ್ಥ. ಅದರ ಮೇಲೆ ವೆಲ್ಡಿಂಗ್ ತೇಪೆ ಹಾಕಿಸಿ ಓಡಿಸಿದರೆ ಟ್ಯಾಂಕ್ ಸಿಡಿಯಬಹುದು, ಪಕ್ಕದಲ್ಲಿದ್ದವರು ಬದುಕುವುದಿಲ್ಲ. ಟ್ಯಾಂಕನ್ನೇ ಬದಲಿಸಿ.

ಲೈನಿಗೆ ಪಿವಿಸಿ ಪೈಪ್ ಎಳೆದಿದ್ದರೆ ಅದನ್ನೂ ತೆಗೆಸಿ. ನೀರಿನ ಪೈಪ್ ಗಾಳಿಯ ಒತ್ತಡಕ್ಕೆ ಒಡೆದರೆ ಚೂರುಗಳು ಚಾಕುವಿನಂತೆ ಹಾರುತ್ತವೆ.

ಏರ್ ಫಿಲ್ಟರ್

ಪಂಕ್ಚರ್ ಅಂಗಡಿಯಲ್ಲಿ ಟ್ಯೂಬ್ ಉಜ್ಜಿದ ರಬ್ಬರ್ ಪುಡಿ, ಮರದ ಕೆಲಸದಲ್ಲಿ ಹೊಟ್ಟು, ಪೇಂಟಿಂಗ್ ಶೆಡ್ಡಿನಲ್ಲಿ ಬಣ್ಣದ ಮಂಜು, ಎಲ್ಲವೂ ಕೊನೆಗೆ ಸೇರುವುದು ಫಿಲ್ಟರಿಗೆ. ಪರೀಕ್ಷೆ ಸುಲಭ. ಸುತ್ತ ಧೂಳಿಲ್ಲದ ಹೊತ್ತಿನಲ್ಲಿ ಫಿಲ್ಟರ್ ಕಳಚಿ, ಒಂದೇ ಒಂದು ಕೆಜಿ ಏರಲು ಎಷ್ಟು ಸಮಯ ಬೇಕು ನೋಡಿ. ಮುಂಚೆ ಬರೆದದ್ದಕ್ಕಿಂತ ಬೇಗ ಏರಿದರೆ ಕಳ್ಳ ಸಿಕ್ಕ. ಪರೀಕ್ಷೆ ಮುಗಿದ ಕೂಡಲೇ ಫಿಲ್ಟರ್ ಹಾಕಿಬಿಡಿ.

ಕಾಗದದ ಎಲಿಮೆಂಟನ್ನು ಒಳಗಿಂದ ಹೊರಕ್ಕೆ ಮೆಲ್ಲಗೆ ಗಾಳಿ ಹೊಡೆದು ಶುಚಿ ಮಾಡಬಹುದು, ತೊಳೆಯಬಾರದು. ಸ್ಪಂಜಾದರೆ ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಪೆಟ್ರೋಲಿನಲ್ಲಿ ಅದ್ದಿ ಹಾಕುವುದು ಅಪಾಯ. ಆ ಆವಿ ಬಿಸಿ ಸಿಲಿಂಡರ್ ಒಳಗೆ ಹೋದರೆ ಹೊತ್ತಿಕೊಳ್ಳುತ್ತದೆ.

ಮಷಿನ್ ಇಟ್ಟ ಜಾಗವನ್ನೂ ನೋಡಿ. ತಗಡಿನ ಶೆಡ್ಡಿನ ಮೂಲೆಯಲ್ಲಿ, ಫ್ಲೈವೀಲ್ ಗೋಡೆಗೆ ತಾಗುವಂತೆ ಇಟ್ಟಿದ್ದರೆ ಅದು ತನ್ನದೇ ಬಿಸಿ ಗಾಳಿಯನ್ನು ಮತ್ತೆ ಎಳೆದುಕೊಳ್ಳುತ್ತದೆ. ಒಳಗೆ ಎಳೆಯುವ ಗಾಳಿ 3 ಡಿಗ್ರಿ ಬಿಸಿಯಾದರೆ ಸಿಗುವ ಗಾಳಿ ಸುಮಾರು ಶೇ. 1 ಕಡಿಮೆಯಾಗುತ್ತದೆ. ಗೋಡೆಯಿಂದ ಒಂದೂವರೆ ಅಡಿ ಈಚೆಗೆ ಎಳೆದರೂ ಹೆಡ್ ತಣ್ಣಗಿರುತ್ತದೆ.

ಬೆಲ್ಟ್, ಪುಲ್ಲಿ, ಮೋಟಾರ್

ಎರಡು ಪುಲ್ಲಿಗಳ ನಡುವೆ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಇಂಚು ಬಗ್ಗಬೇಕು. ಜಾಸ್ತಿ ಬಗ್ಗಿದರೆ ಸಡಿಲ. ಬೆಲ್ಟ್ ಪಕ್ಕಗಳು ಕನ್ನಡಿಯಂತೆ ಹೊಳೆಯುತ್ತಿದ್ದರೆ, ಕೆಳಗೆ ಕಪ್ಪು ಪುಡಿ ಬಿದ್ದಿದ್ದರೆ ಜಾರುತ್ತಿದೆ. ಪುಲ್ಲಿಯ ತೋಡಿನಲ್ಲಿ ಬೆಲ್ಟ್ ತಳ ಮುಟ್ಟಿ ಕೂತಿದ್ದರೂ ಹಿಡಿತ ಇರುವುದಿಲ್ಲ. ಎರಡು ಬೆಲ್ಟ್ ಇದ್ದರೆ ಎರಡನ್ನೂ ಒಟ್ಟಿಗೇ ಬದಲಿಸಿ. ಹಳೆಯದು, ಹೊಸದು ಜೋಡಿ ಹಾಕಿದರೆ ಭಾರವೆಲ್ಲ ಹೊಸದರ ಮೇಲೇ ಬೀಳುತ್ತದೆ.

ಲೇಸರ್ ಟ್ಯಾಕೋಮೀಟರ್ (ತಿರುಗುವ ವೇಗ ಅಳೆಯುವ ಸಾಧನ) ಸಿಕ್ಕರೆ ತುಂಬಾ ಉಪಯೋಗ. 1 ಕೆಜಿಯಲ್ಲಿ ಒಮ್ಮೆ, 7 ಕೆಜಿಯಲ್ಲಿ ಒಮ್ಮೆ ಮೋಟಾರ್ ಮತ್ತು ಪಂಪ್ ಎರಡರ ವೇಗವನ್ನೂ ನೋಡಿ. ಮೋಟಾರ್ ವೇಗ ಹಾಗೇ ಇದ್ದು ಪಂಪ್ ಮಾತ್ರ ನಿಧಾನವಾದರೆ ಬೆಲ್ಟ್ ಜಾರುತ್ತಿದೆ. ಎರಡೂ ನಿಧಾನವಾದರೆ ತೊಂದರೆ ಕರೆಂಟಿನಲ್ಲೋ ಮೋಟಾರಿನಲ್ಲೋ ಇದೆ.

ಮೋಟಾರ್ ಅಥವಾ ಪುಲ್ಲಿ ಇತ್ತೀಚೆಗೆ ಬದಲಾಗಿದೆಯಾ ಅಂತ ವಿಚಾರಿಸಿ. ಸಾಮಾನ್ಯವಾಗಿ ಇಲ್ಲಿ ಬಳಸುವುದು 1440 ಆರ್‌ಪಿಎಂ ಮೋಟಾರ್. ಮೋಟಾರ್ ಪುಲ್ಲಿ 5 ಇಂಚು, ಪಂಪ್ ಪುಲ್ಲಿ 9 ಇಂಚು ಇದ್ದರೆ ಪಂಪ್ ವೇಗ 800. ಅದೇ ಜಾಗಕ್ಕೆ 4 ಇಂಚಿನ ಪುಲ್ಲಿ ಬಂದಿದ್ದರೆ ವೇಗ 640ಕ್ಕೆ ಇಳಿಯುತ್ತದೆ, ಗಾಳಿ ಶೇ. 20 ಕಡಿಮೆ. ಮೋಟಾರ್ ಸುಟ್ಟಾಗ ಕೈಗೆ ಸಿಕ್ಕ 960 ಆರ್‌ಪಿಎಂ ಮೋಟಾರ್ ಕೂರಿಸಿದ್ದರೆ ಮೂರನೇ ಒಂದು ಭಾಗ ಗಾಳಿ ಹೋದಂತೆ. ಪಂಪ್ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಇಂಥ ಕಡೆ ರಿಂಗ್, ಬೋರ್ (ಸಿಲಿಂಡರಿನ ಒಳಮೈ) ಎಲ್ಲ ಮಾಡಿಸಿ ದುಡ್ಡು ಕಳೆದುಕೊಂಡವರನ್ನು ಕಂಡರೆ ನಿಜಕ್ಕೂ ಬೇಜಾರಾಗುತ್ತದೆ. ಹಾಗಂತ ಬೇಗ ತುಂಬಲಿ ಅಂತ ದೊಡ್ಡ ಪುಲ್ಲಿ ಹಾಕಬೇಡಿ. ಮೋಟಾರ್ ಸುಡುತ್ತದೆ, ವಾಲ್ವ್ ಮುರಿಯುತ್ತದೆ.

ವೋಲ್ಟೇಜನ್ನು ಮೋಟಾರ್ ಟರ್ಮಿನಲ್‌ನಲ್ಲೇ, ಅದೂ 7 ಕೆಜಿ ಲೋಡ್ ಇರುವಾಗ ನೋಡಬೇಕು. ಬೋರ್ಡ್‌ನಲ್ಲಿ 230 ಇದ್ದು ಮೋಟಾರ್ ಹತ್ತಿರ 190 ಇದ್ದರೆ ಮಧ್ಯದ ವೈರ್ ತೆಳು ಅಥವಾ ಎಲ್ಲೋ ಜಾಯಿಂಟ್ ಸಡಿಲ. ವೋಲ್ಟೇಜ್ 230ರಿಂದ 190ಕ್ಕೆ ಇಳಿದರೆ ಮೋಟಾರಿನ ತಿರುಗಿಸುವ ಬಲ ಮೂರನೇ ಒಂದರಷ್ಟು ಕುಸಿಯುತ್ತದೆ. 2 ಎಚ್‌ಪಿ ಸಿಂಗಲ್ ಫೇಸ್ ಮೋಟಾರ್ ಪೂರ್ತಿ ಲೋಡಿನಲ್ಲಿ ಸುಮಾರು 10 ಆಂಪಿಯರ್ ಎಳೆಯುತ್ತದೆ, ಎಕ್ಸ್‌ಟೆನ್ಶನ್ ಬೋರ್ಡಿನಿಂದ ಅದನ್ನು ಓಡಿಸಲೇಬಾರದು. ಸಂಜೆ ಹೊತ್ತಿಗೆ ಊರಿನಲ್ಲಿ ಕರೆಂಟ್ ಡಿಮ್ ಆಗುವುದಿದ್ದರೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಸಮಯ ನೋಡಿ ಹೋಲಿಸಿ. ಗುಂಯ್‌ಗುಡುತ್ತಾ ಕಷ್ಟಪಟ್ಟು ಎಳೆಯುವ ಸಿಂಗಲ್ ಫೇಸ್ ಮೋಟಾರಿಗೆ ಕೆಪಾಸಿಟರ್ ವೀಕ್ ಆಗಿರಬಹುದು. ಲೈವ್ ಟರ್ಮಿನಲ್, ಕೆಪಾಸಿಟರ್ ಕೆಲಸವನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ತ್ರೀ ಫೇಸ್ ಆದರೆ ಕ್ಲಾಂಪ್ ಮೀಟರಿನಿಂದ ಮೂರೂ ಫೇಸಿನ ಕರೆಂಟ್ ನೋಡಿಸಿ. ವೈರಿಂಗ್ ಮುಟ್ಟಿದ ಮೇಲೆ ತಿರುಗುವ ದಿಕ್ಕು ಬಾಣದ ಗುರುತಿನ ಕಡೆಗೇ ಇದೆಯಾ ಗಮನಿಸಿ. ಉಲ್ಟಾ ತಿರುಗಿದರೂ ಪಂಪ್ ಗಾಳಿ ಕೊಡುತ್ತದೆ. ಆದರೆ ಫ್ಲೈವೀಲ್ ಗಾಳಿ ಹೆಡ್ ಕಡೆ ಬೀಸುವುದಿಲ್ಲ, ಬಿಸಿ ಏರುತ್ತದೆ.

ಅನ್‌ಲೋಡರ್ ಮತ್ತು ಎನ್‌ಆರ್‌ವಿ

ಕಟಾಫ್ ಆದಾಗ ಪ್ರೆಶರ್ ಸ್ವಿಚ್ ಪಕ್ಕದಿಂದ ಎರಡು ಮೂರು ಸೆಕೆಂಡ್ 'ಪುಸ್' ಅಂತ ಗಾಳಿ ಬಿಡಬೇಕು. ಹೆಡ್ ಪೈಪಿನಲ್ಲಿ ಉಳಿದ ಗಾಳಿ ಹೊರಹೋಗಿ, ಮುಂದಿನ ಸಲ ಮೋಟಾರ್ ಹಗುರವಾಗಿ ಸ್ಟಾರ್ಟ್ ಆಗಲಿ ಅಂತ ಇರುವ ಈ ವ್ಯವಸ್ಥೆಯೇ ಅನ್‌ಲೋಡರ್.

ಮಷಿನ್ ಓಡುತ್ತಿರುವಾಗಲೇ ಅಲ್ಲಿಂದ ಗಾಳಿ ಬರುತ್ತಿದ್ದರೆ ಅನ್‌ಲೋಡರ್ ತೆರೆದೇ ಸಿಕ್ಕಿಕೊಂಡಿದೆ, ಪಂಪಿನ ಗಾಳಿ ಅಲ್ಲೇ ಹೋಗುತ್ತಿದೆ. ನಿಂತ ಮೇಲೆ 'ಪುಸ್' ನಿಲ್ಲದೇ ಇದ್ದರೆ ತಪ್ಪು ಅನ್‌ಲೋಡರ್‌ದಲ್ಲ, ಎನ್‌ಆರ್‌ವಿ ಸೋರಿ ಟ್ಯಾಂಕಿನ ಗಾಳಿ ವಾಪಸ್ ಬರುತ್ತಿದೆ. ಇಲ್ಲಿ ಸ್ವಿಚ್ ಬದಲಿಸಿ ಕೈ ಸುಟ್ಟುಕೊಳ್ಳುವವರು ಬಹಳ.

ಎನ್‌ಆರ್‌ವಿ ಅರ್ಧ ತೆರೆದು ಸಿಕ್ಕಿಕೊಂಡರೂ, ಡೆಲಿವರಿ ಪೈಪ್ ಒಳಗೆ ಕಾರ್ಬನ್ ಕಟ್ಟಿದರೂ ತುಂಬುವುದು ತಡವಾಗುತ್ತದೆ. ಇದಕ್ಕೊಂದು ಒಳ್ಳೆಯ ಗುರುತಿದೆ: ಟ್ಯಾಂಕ್ ಗೇಜ್ ಇನ್ನೂ 2 ಕೆಜಿ ತೋರಿಸುತ್ತಿರುವಾಗಲೇ ಮೋಟಾರ್ ಜಾಸ್ತಿ ಆಂಪಿಯರ್ ಎಳೆಯುತ್ತಿರುತ್ತದೆ, ಹೆಡ್ ಅತಿಯಾಗಿ ಕಾಯುತ್ತದೆ. ಟ್ಯಾಂಕ್ ಖಾಲಿ ಮಾಡಿ ಎನ್‌ಆರ್‌ವಿ ಬಿಚ್ಚಿ, ಒಳಗಿನ ಡಿಸ್ಕ್, ಸ್ಪ್ರಿಂಗ್, ಕೂರುವ ಜಾಗ ಎಲ್ಲ ಶುಚಿ ಮಾಡಿ. ಸೀಟ್ ಗೀರು ಬಿದ್ದಿದ್ದರೆ ಹೊಸದೇ ಹಾಕಿ, ಬೆಲೆ ಹೆಚ್ಚಲ್ಲ. ಪೈಪನ್ನು ಬೆಳಕಿಗೆ ಹಿಡಿದು ಆಚೆ ಕಾಣುತ್ತದಾ ನೋಡಿ.

ಹೆಡ್ ಮತ್ತು ವಾಲ್ವ್ ಪ್ಲೇಟ್

ಇಷ್ಟೆಲ್ಲ ಸರಿಯಿದ್ದೂ ಸಮಯ ಕಡಿಮೆಯಾಗದಿದ್ದರೆ ಹೆಡ್ ಬಿಚ್ಚಬೇಕು. ಬಿಚ್ಚುವ ಮುಂಚೆ ಇನ್ನೊಂದು ಪರೀಕ್ಷೆ. ಫಿಲ್ಟರ್ ಕಳಚಿ, ಓಡುತ್ತಿರುವ ಮಷಿನ್‌ನ ಗಾಳಿ ಎಳೆಯುವ ಬಾಯಿ ಮುಂದೆ ಎರಡು ಇಂಚು ದೂರದಲ್ಲಿ ಅಂಗೈ ಹಿಡಿಯಿರಿ. ಗಾಳಿ ಒಳಗೆ ಮಾತ್ರ ಎಳೆಯಬೇಕು. ಬಿಸಿ ಗಾಳಿ ಹೊರಕ್ಕೆ ಉಗುಳುತ್ತಿದ್ದರೆ ಇನ್‌ಲೆಟ್ ವಾಲ್ವ್ ಕೂರುತ್ತಿಲ್ಲ. ಎರಡು ಸಿಲಿಂಡರ್ ಇದ್ದರೆ ಎರಡರಲ್ಲೂ ಮಾಡಿ ಹೋಲಿಸಿ. ಅಂಗೈಗೆ ತಿಳಿಯುವ ವ್ಯತ್ಯಾಸ ಸ್ಪಷ್ಟವಾಗಿರುತ್ತದೆ.

ಹೆಡ್ ಬೋಲ್ಟ್‌ಗಳನ್ನು ಎದುರುಬದುರು ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಒಂದೊಂದು ಪದರ ತೆಗೆಯುವಾಗಲೂ ಫೋಟೋ ಹೊಡೆದುಕೊಳ್ಳಿ. ಮೊದಲು ಗ್ಯಾಸ್ಕೆಟ್ ನೋಡಿ. ಇನ್‌ಲೆಟ್ ಕೋಣೆ ಮತ್ತು ಡೆಲಿವರಿ ಕೋಣೆಗಳ ಮಧ್ಯೆ ಇರುವ ಸಣ್ಣ ಪಟ್ಟಿ ಸುಟ್ಟು ಹೋಗಿದ್ದರೆ ಗಾಳಿ ಹೆಡ್ ಒಳಗೇ ಸುತ್ತು ಹೊಡೆಯುತ್ತಿರುತ್ತದೆ. ಹೊರಗೆ ಒಂದು ಗುಳ್ಳೆಯೂ ಬರುವುದಿಲ್ಲ, ಶಬ್ದವೂ ಇರುವುದಿಲ್ಲ, ಹೆಡ್ ಮಾತ್ರ ಕೆಂಡದಂತೆ ಕಾಯುತ್ತದೆ. ಇದನ್ನು ಬಿಚ್ಚಿಯೇ ನೋಡಬೇಕು.

ಆಮೇಲೆ ವಾಲ್ವ್. ರೀಡ್ (ತೆಳು ಉಕ್ಕಿನ ಪಟ್ಟಿ) ಇರಲಿ, ಡಿಸ್ಕ್ (ಬಿಲ್ಲೆ) ಇರಲಿ, ಸಪಾಟಾಗಿರಬೇಕು. ತುದಿ ಮುರಿದಿದೆಯಾ, ಬಗ್ಗಿದೆಯಾ, ಸ್ಪ್ರಿಂಗ್ ಸೋತಿದೆಯಾ, ಕಾರ್ಬನ್ ಕಟ್ಟಿದೆಯಾ ನೋಡಿ. ರೀಡ್ ಮುರಿದಿದ್ದರೆ ಚೂರು ಸಿಗುವವರೆಗೆ ಹುಡುಕಿ. ಸಿಲಿಂಡರ್ ಒಳಗೆ ಬಿದ್ದಿದ್ದರೆ ಪಿಸ್ಟನ್ ಹಾಳಾಗುತ್ತದೆ.

ಕಾರ್ಬನ್ ತೆಗೆಯಲು ಪ್ಲೇಟನ್ನು ಡೀಸೆಲ್‌ನಲ್ಲಿ ನೆನೆಸಿ ಹಿತ್ತಾಳೆ ಬ್ರಷ್‌ನಿಂದ ಉಜ್ಜಿ. ಸ್ಕ್ರೂಡ್ರೈವರ್‌ನಿಂದ ಕೆರೆದರೆ ಸೀಟ್ ಮೇಲೆ ಗೀರು ಬೀಳುತ್ತದೆ, ಆ ಗೀರಿನಲ್ಲೇ ಗಾಳಿ ಸೋರುತ್ತದೆ. ಡಿಸ್ಕ್ ಮೇಲೆ ತೆಳು ಗುರುತಿದ್ದರೆ ದಪ್ಪ ಗಾಜಿನ ಮೇಲೆ ನಯವಾದ ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ಡಿಸ್ಕನ್ನು ಎರಡು ಬೆರಳಲ್ಲಿ ಹಗುರವಾಗಿ ಒತ್ತಿ ಇಂಗ್ಲಿಷಿನ ಎಂಟರ ಆಕಾರದಲ್ಲಿ ಉಜ್ಜಿ. ಮೈಯೆಲ್ಲ ಒಂದೇ ಸಮನೆ ಬೂದು ಬಣ್ಣಕ್ಕೆ ಬಂದರೆ ಸಾಕು. ಆಳವಾದ ಗುಳಿ ಬಿದ್ದಿದ್ದರೆ ಹೊಸ ಕಿಟ್ ತನ್ನಿ.

ಜೋಡಿಸಿದ ವಾಲ್ವ್ ಕೂತಿದೆಯಾ ಅಂತ ತಿಳಿಯಲು ಸೀಟ್ ಮೇಲೆ ಸ್ವಲ್ಪ ಡೀಸೆಲ್ ಸುರಿದು ಒಂದೆರಡು ನಿಮಿಷ ಬಿಡಿ. ಕೆಳಗೆ ತೇವ ಕಾಣಬಾರದು. ಪರೀಕ್ಷೆ ಮುಗಿದ ಮೇಲೆ ಪ್ರತಿಯೊಂದನ್ನೂ ಒರೆಸಿ, ಒಂದು ಹನಿಯೂ ಉಳಿಯದಂತೆ ಒಣಗಿಸಿಯೇ ಜೋಡಿಸಿ.

ಹೊಸ ಗ್ಯಾಸ್ಕೆಟ್ ವಿಷಯದಲ್ಲಿ ಸ್ವಲ್ಪ ಹಠ ಮಾಡಿ. ಕೈಗೆ ಸಿಕ್ಕ ದಪ್ಪ ಪ್ಯಾಕಿಂಗ್ ಶೀಟ್ ಕತ್ತರಿಸಿ ಹಾಕುವುದು ಬಹಳ ಕಡೆ ಇದೆ. ಗ್ಯಾಸ್ಕೆಟ್ ದಪ್ಪವಾದರೆ ಪಿಸ್ಟನ್ ಮೇಲೆ ಬಂದಾಗ ಅದರ ನೆತ್ತಿಗೂ ಪ್ಲೇಟಿಗೂ ನಡುವೆ ಖಾಲಿ ಜಾಗ ಹೆಚ್ಚಾಗುತ್ತದೆ. ಅಲ್ಲಿ ಉಳಿದ ಒತ್ತಿದ ಗಾಳಿ ಪಿಸ್ಟನ್ ಇಳಿಯುವಾಗ ಹಿಗ್ಗಿ, ಹೊಸ ಗಾಳಿ ಬರಬೇಕಾದ ಜಾಗವನ್ನು ತಾನೇ ತಿನ್ನುತ್ತದೆ. ಕಡಿಮೆ ಒತ್ತಡದಲ್ಲಿ ಇದು ತಿಳಿಯುವುದಿಲ್ಲ, 6 ಕೆಜಿ ಮೇಲೆ ಕಾಡುತ್ತದೆ. ಹೆಡ್ ಕೆಲಸ ಮಾಡಿಸಿದ ಮೇಲೆಯೇ ತುಂಬುವುದು ತಡವಾಯಿತು ಅನ್ನುವವರು ಮೊದಲು ನೋಡಬೇಕಾದದ್ದು ಇದನ್ನೇ. ತೀರಾ ತೆಳುವಾದರೆ ಪಿಸ್ಟನ್ ಪ್ಲೇಟಿಗೆ ಬಡಿಯುತ್ತದೆ. ಹಾಗಾಗಿ ಅದೇ ಮಾಡೆಲ್‌ನ, ಅದೇ ದಪ್ಪದ ಗ್ಯಾಸ್ಕೆಟ್ ತರಿಸಿ.

ಬೋಲ್ಟ್‌ಗಳನ್ನು ಮತ್ತೆ ಎದುರುಬದುರಾಗಿ, ಮೂರು ಸುತ್ತಿನಲ್ಲಿ ಟೈಟ್ ಮಾಡಿ. ಟಾರ್ಕ್ ರೆಂಚ್ ಇದ್ದರೆ ಕಂಪನಿ ಹೇಳಿದ ಅಳತೆಗೆ. ಒಮ್ಮೆ ಓಡಿಸಿ, ತಣ್ಣಗಾದ ಮೇಲೆ ಇನ್ನೊಮ್ಮೆ ನೋಡಿ.

ಟು ಸ್ಟೇಜ್ ಮಷಿನ್ ಆದರೆ

ಇದರಲ್ಲಿ ದೊಡ್ಡ ಸಿಲಿಂಡರ್ ಒತ್ತಿದ ಗಾಳಿಯನ್ನು ಸಣ್ಣದು ಮತ್ತೊಮ್ಮೆ ಒತ್ತುತ್ತದೆ. ಎರಡು ಸಿಲಿಂಡರ್‌ಗಳ ನಡುವಿನ ಕೂಲರ್ ಪೈಪಿನಲ್ಲಿ ಒತ್ತಡ ಎಷ್ಟಿದೆ ಅನ್ನುವುದೇ ಇಲ್ಲಿ ಸಾಕ್ಷಿ. ಲೋಡಿನಲ್ಲಿ ಅದು ಸಾಮಾನ್ಯವಾಗಿ 2ರಿಂದ 3.5 ಕೆಜಿ ಇರುತ್ತದೆ. ಅದಕ್ಕಿಂತ ಏರಿ ಅಲ್ಲಿನ ಸಣ್ಣ ಸೇಫ್ಟಿ ವಾಲ್ವ್ ಪಟಪಟ ಹಾರುತ್ತಿದ್ದರೆ ಸಣ್ಣ ಸಿಲಿಂಡರಿನ ವಾಲ್ವ್ ಕೆಟ್ಟಿದೆ. ತುಂಬಾ ಕಡಿಮೆಯಿದ್ದರೆ ದೊಡ್ಡ ಸಿಲಿಂಡರಿನ ವಾಲ್ವ್ ನೋಡಿ. ಸೇಫ್ಟಿ ವಾಲ್ವ್ ಹಾರುತ್ತಿದೆ ಅಂತ ಅದನ್ನು ಬಿಗಿ ಮಾಡುವುದು ಪರಿಹಾರವಲ್ಲ.

ಕೊನೆಗೆ, ರಿಂಗ್

ಕ್ರ್ಯಾಂಕ್‌ಕೇಸ್‌ನ (ಪಂಪಿನಲ್ಲಿ ಆಯಿಲ್ ಇರುವ ಕೆಳಭಾಗದ) ಬ್ರೀದರ್, ಅಂದರೆ ಗಾಳಿ ಹೊರಬಿಡುವ ತೂತಿನ ಹತ್ತಿರ ಕೈ ಹಿಡಿಯಿರಿ. ಸಣ್ಣಗೆ ಉಸಿರಾಡಿದಂತಿದ್ದರೆ ಸರಿ. ಒತ್ತಡ ಏರಿದಂತೆ ಜೋರಾಗಿ ಗಾಳಿ, ಆಯಿಲ್ ಹೊಗೆ ಉಗುಳುತ್ತಿದ್ದರೆ ರಿಂಗ್ ದಾಟಿ ಗಾಳಿ ಕೆಳಗಿಳಿಯುತ್ತಿದೆ. ಡ್ರೈನ್ ನೀರಿನಲ್ಲಿ ಆಯಿಲ್ ಜಾಸ್ತಿ ಬರುವುದು, ಆಗಾಗ ಆಯಿಲ್ ಇಳಿಯುವುದು ಕೂಡ ಇದರದ್ದೇ ಲಕ್ಷಣ.

ರಿಂಗ್ ಬದಲಿಸುವುದಾದರೆ ಬೋರ್ ಅಳತೆ ಮಾಡಿಸದೆ ಮುಂದುವರಿಯಬೇಡಿ. ಬೋರ್ ಸವೆದು ಮೊಟ್ಟೆಯಾಕಾರಕ್ಕೆ ಬಂದಿದ್ದರೆ ಹೊಸ ರಿಂಗ್ ಕೂರುವುದಿಲ್ಲ. ರಿಂಗನ್ನು ಬರೀ ಬೋರಿನೊಳಗೆ ಇಳಿಸಿ, ತುದಿಗಳ ನಡುವಿನ ಸಂದನ್ನು ಫೀಲರ್ ಗೇಜ್‌ನಿಂದ ನೋಡಿ. ರಿಂಗ್ ಮೇಲೆ ಗುರುತು ಇದ್ದರೆ ಆ ಬದಿ ಮೇಲಕ್ಕೆ ಬರಬೇಕು. ಎಲ್ಲ ರಿಂಗ್‌ಗಳ ಬಾಯಿ ಒಂದೇ ಸಾಲಿಗೆ ಬಾರದಂತೆ ಸುತ್ತಲೂ ಹಂಚಿ ಹಾಕಿ. ಜೋಡಿಸಿದ ಮೇಲೆ ಔಟ್‌ಲೆಟ್ ತೆರೆದಿಟ್ಟು ಅರ್ಧ ಗಂಟೆ ಲೋಡ್ ಇಲ್ಲದೆ ಓಡಿಸಿ. ಹೊಸ ರಿಂಗ್ ಬೋರಿಗೆ ಹೊಂದಿಕೊಳ್ಳಲು ಕೆಲವು ಗಂಟೆಗಳ ಕೆಲಸ ಬೇಕು, ಹಾಗಾಗಿ ಮೊದಲ ದಿನದ ಸಮಯ ನೋಡಿ ನಿರಾಶೆ ಬೇಡ.

ಕಾರ್ಬನ್ ಮತ್ತೆ ಕಟ್ಟದಿರಲು

ವಾಲ್ವ್ ಮೇಲಿನ ಕಾರ್ಬನ್ ಬಹುಪಾಲು ಆಯಿಲ್‌ನಿಂದಲೇ ಬಂದದ್ದು. ಬೈಕಿಗೆ ಹಾಕುವ 20ಡಬ್ಲ್ಯೂ40 ಆಯಿಲನ್ನೇ ಕಂಪ್ರೆಸರಿಗೂ ಸುರಿಯುವ ಅಭ್ಯಾಸ ಎಲ್ಲ ಕಡೆ ಇದೆ. ಅದರಲ್ಲಿ ಎಂಜಿನ್‌ಗಾಗಿ ಸೇರಿಸಿದ ಅಂಶಗಳು ಬಿಸಿ ಹೆಡ್‌ನಲ್ಲಿ ಸುಟ್ಟು ಕೂರುತ್ತವೆ. ಪಿಸ್ಟನ್ ಕಂಪ್ರೆಸರಿಗೆಂದೇ ಸಿಗುವ ಆಯಿಲ್ ಹಾಕಿ. ಸಾಮಾನ್ಯವಾಗಿ ಅದು ವಿಜಿ 100 (ಆಯಿಲ್ ಎಷ್ಟು ಗಟ್ಟಿ ಅನ್ನುವ ಅಳತೆ) ದರ್ಜೆಯದು, ಆದರೆ ನಿಮ್ಮ ಮಷಿನ್ ಪುಸ್ತಕದಲ್ಲಿ ಏನಿದೆಯೋ ಅದೇ ಅಂತಿಮ. ಗಾಜಿನ ಕಣ್ಣಿನ ನಡುಮಟ್ಟಕ್ಕೆ ಆಯಿಲ್ ಇರಲಿ. ಜಾಸ್ತಿ ಹಾಕಿದರೆ ಮೇಲಕ್ಕೆ ಎರಚಿ ವಾಲ್ವ್ ಸೇರುತ್ತದೆ. ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ, ಅವತ್ತೇ ಬದಲಿಸಿ.

ಎಲ್ಲ ಮುಗಿದ ಮೇಲೆ ಕೆಜಿಗೊಂದರಂತೆ ಸಮಯ ಮತ್ತೊಮ್ಮೆ ನೋಡಿ. ಸೊನ್ನೆಯಿಂದ 8 ಕೆಜಿಗೆ ಹಿಡಿದ ಒಟ್ಟು ಸಮಯವನ್ನೂ ತಾರೀಖನ್ನೂ ಮಷಿನ್ ಹಿಂದಿನ ಗೋಡೆ ಮೇಲೆ ಬರೆದಿಡಿ. ಪ್ರತಿ ತಿಂಗಳ ಮೊದಲ ದಿನ ಬೆಳಿಗ್ಗೆ ನೀರು ಬಿಟ್ಟ ಮೇಲೆ ಒಮ್ಮೆ ಸಮಯ ಹಿಡಿದು ಅದರ ಕೆಳಗೆ ಸೇರಿಸುತ್ತಾ ಹೋಗಿ. ಎಂಟು ನಿಮಿಷ ಇದ್ದದ್ದು ಹತ್ತಾದ ತಿಂಗಳು ಫಿಲ್ಟರ್ ತೆಗೆದು ನೋಡಿ.